ಹೃದಯವೆಂಬ ಪಂಪು ಸೋತಾಗ

ನಾಲೆಯ ಕೊನೆಯ ಗದ್ದೆಗೆ ನೀರು ತಲಪಬೇಕಾದರೆ ಏನೇನು ಕೂಡಿಬರಬೇಕೆಂಬುದನ್ನು ಕೃಷ್ಣರಾಜನಗರದ ಬಯಲಿನಲ್ಲಿ ಬೆಳೆದ ವಿದ್ಯಾರ್ಥಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಾಮರಾಜ ನಾಲೆಯಲ್ಲಿ ನೀರನ್ನು ಮುಂದಕ್ಕೆ ಸಾಗಿಸುವುದು ಭೂಮಿಯ ಗುರುತ್ವಾಕರ್ಷಣೆ. ನಾಲೆಗಿಂತ ಎತ್ತರದಲ್ಲಿರುವ ಹೊಲಕ್ಕಾದರೋ ನೀರನ್ನು ಪಂಪಿನಿಂದ ಎತ್ತಬೇಕು. ಪಂಪು ನಿಂತರೆ, ಕೆಳಗೆ ನೀರು ತುಂಬಿ ಹರಿಯುತ್ತಿದ್ದರೂ ಮೇಲಿನ ಪೈರು ಒಣಗುತ್ತದೆ. ಮನುಷ್ಯದೇಹದಲ್ಲಿಯೂ ಇಂತಹುದೇ ಒಂದು ಸ್ಥಿತಿ ಉಂಟಾಗಬಲ್ಲುದು. ನಾಳಗಳಲ್ಲಿ ರಕ್ತ ಸಾಕಷ್ಟಿದ್ದೂ, ಅದನ್ನು ತಳ್ಳುವ ಹೃದಯವು ಸೋತುದರಿಂದ ಮಿದುಳು, ಮೂತ್ರಪಿಂಡ ಮೊದಲಾದ ಅಂಗಗಳು ರಕ್ತವಿಲ್ಲದೆ ಬಾಡತೊಡಗುತ್ತವೆ. ವೈದ್ಯರು ಇದನ್ನು ಕಾರ್ಡಿಯೋಜೆನಿಕ್ ಷಾಕ್ ಎನ್ನುತ್ತಾರೆ. ನಾವು ಹೃದಯಜನ್ಯ ಷಾಕ್ ಎಂದು ಕರೆಯೋಣ. ಭೌತಶಾಸ್ತ್ರದ ಪಾಠದಲ್ಲಿ ಕಲಿತ ಒತ್ತಡ, ಪ್ರವಾಹ, ರೋಧ, ಸಾಮರ್ಥ್ಯಗಳೆಂಬ ನಾಲ್ಕೇ ಪದಗಳ ಸಹಾಯದಿಂದ ಈ ಕಾಯಿಲೆಯ ಸ್ವರೂಪವನ್ನೂ ಚಿಕಿತ್ಸೆಯ ತತ್ತ್ವವನ್ನೂ ಬಹುಮಟ್ಟಿಗೆ ತಿಳಿಯಬಹುದು.

ಮೂರು ಹೆಸರುಗಳು

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಹೃದಯದ ಮಾಂಸಕ್ಕೆ ರಕ್ತವನ್ನೊದಗಿಸುವ ಕರೊನರಿ ಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ, ಹೃದಯಸ್ನಾಯುವಿನ ಒಂದು ಭಾಗ ಸಾಯತೊಡಗುವುದಕ್ಕೆ ಹೃದಯಾಘಾತವೆಂದು ಹೆಸರು. ಹೃದಯದ ಬಡಿತವೇ ನಿಂತು ಹೋಗುವುದು ಹೃದಯಸ್ತಂಭನ. ಹೃದಯವು ಬಡಿಯುತ್ತಲೇ ಇದ್ದು, ಆ ಬಡಿತದಿಂದ ದೇಹಕ್ಕೆ ಬೇಕಾದಷ್ಟು ರಕ್ತ ಹೊರಡದಿರುವುದು ಹೃದಯಜನ್ಯ ಷಾಕ್. ಮೂರೂ ಒಂದಕ್ಕೊಂದು ಸಂಬಂಧವುಳ್ಳವು. ಆದರೆ ಮೂರೂ ಒಂದೇ ಅಲ್ಲ. ಹೃದಯಾಘಾತವಾದ ನೂರು ಮಂದಿಯಲ್ಲಿ ಸುಮಾರು 5ರಿಂದ 10 ಮಂದಿಗೆ ಷಾಕ್ ಸಂಭವಿಸುತ್ತದೆ. ಹೃದಯಾಘಾತವಾಗಿ ಆಸ್ಪತ್ರೆಯನ್ನು ಸೇರಿದವರ ಮರಣಕ್ಕೆ ಇದೇ ಬಹು ಮುಖ್ಯವಾದ ಕಾರಣ.

ಇನ್ನು ಷಾಕ್ ಎಂಬ ಪದ. ವಿದ್ಯುತ್ತು ತಗುಲಿದಾಗ ಷಾಕ್ ಹೊಡೆಯಿತೆನ್ನುತ್ತೇವೆ. ಕೆಟ್ಟ ಸುದ್ದಿ ಕೇಳಿದಾಗಲೂ ಹಾಗೆಯೇ ಹೇಳುತ್ತೇವೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಬೇರೆ ಅರ್ಥ. ಅಂಗಗಳ ಜೀವಕೋಶಗಳಿಗೆ ಬೇಕಾದಷ್ಟು ಆಮ್ಲಜನಕವನ್ನು ರಕ್ತಪ್ರವಾಹವು ಮುಟ್ಟಿಸಲಾರದ ಸ್ಥಿತಿಯೇ ಷಾಕ್. ಇದಕ್ಕೆ ನಾಲ್ಕು ಬಗೆಯ ಕಾರಣಗಳುಂಟು. ಬಾವಿ ಬತ್ತಿದಂತೆ ರಕ್ತವೇ ಕಡಿಮೆಯಾಗಬಹುದು. ಅಪಘಾತದ ರಕ್ತಸ್ರಾವ, ಕಾಲರಾದ ಭೇದಿ ಈ ಜಾತಿಯವು. ಕಾಲುವೆಗಳೆಲ್ಲ ಒಮ್ಮೆಗೇ ಅಗಲವಾಗಿ ನೀರಿನ ಮಟ್ಟ ಕುಸಿದಂತೆ, ರಕ್ತನಾಳಗಳು ಸಡಿಲಗೊಂಡು ಒತ್ತಡ ಇಳಿಯಬಹುದು. ರಕ್ತದಲ್ಲಿ ತೀವ್ರ ಸೋಂಕು ಹರಡಿದಾಗ, ಜೇನುಹುಳುಗಳ ಕಡಿತ ದೇಹಕ್ಕೆ ಒಗ್ಗದೆ ಹೋದಾಗ ಹೀಗಾಗುತ್ತದೆ. ದಾರಿಯಲ್ಲಿ ಅಡ್ಡಿ ಬಂದು ಪ್ರವಾಹ ನಿಲ್ಲಬಹುದು. ಶ್ವಾಸಕೋಶದ ಧಮನಿಯಲ್ಲಿ ದೊಡ್ಡ ಹೆಪ್ಪು ಸಿಕ್ಕಿಕೊಂಡರೆ ಇಂತಹ ಸ್ಥಿತಿ. ನಾಲ್ಕನೆಯದು, ಪಂಪೇ ಕೆಡುವುದು.

ಈ ವಿಂಗಡಣೆ ಬರಿಯ ಶಾಸ್ತ್ರಕ್ಕಾಗಿ ಮಾಡಿದುದಲ್ಲ. ರಕ್ತಸ್ರಾವವಾದವನಿಗೆ ನಾಳದ ಮೂಲಕ ದ್ರವವನ್ನು ವೇಗವಾಗಿ ತುಂಬುವುದು ಪ್ರಾಣರಕ್ಷಕ. ಅದೇ ದ್ರವವನ್ನು ಸೋತ ಹೃದಯದವನಿಗೆ ಅಳತೆಯಿಲ್ಲದೆ ತುಂಬಿದರೆ, ಹೃದಯವು ಅದನ್ನು ಮುಂದಕ್ಕೆ ತಳ್ಳಲಾರದು. ಹಿಂದೆ ನಿಂತ ರಕ್ತದ ಒತ್ತಡದಿಂದ ಶ್ವಾಸಕೋಶದಲ್ಲಿ ನೀರು ಒಸರಿ ರೋಗಿ ಉಸಿರು ಕಟ್ಟುತ್ತಾನೆ. ಹೊರಗೆ ಒಂದೇ ಬಗೆಯಾಗಿ ತೋರುವ ಎರಡು ಸ್ಥಿತಿಗಳಿಗೆ ಚಿಕಿತ್ಸೆಯು ತದ್ವಿರುದ್ಧವಾಗಬಹುದು.

ಒಂದು ವ್ಯಾಟಿನ ಯಂತ್ರ

ಆರೋಗ್ಯವಂತನ ಹೃದಯವು ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರು ರಕ್ತವನ್ನು ಮಹಾಪಧಮನಿಗೆ ತಳ್ಳುತ್ತದೆ. ನಿಮಿಷಕ್ಕೆ 72 ಬಡಿತಗಳಾದರೆ ಪ್ರವಾಹವು ಸುಮಾರು 5 ಲೀಟರು. ರಕ್ತದೊತ್ತಡವು 120/80 ಇದ್ದಲ್ಲಿ ಅದರ ಸರಾಸರಿ 100 ಅಲ್ಲ. ಹೃದಯವು ಕುಗ್ಗುವುದಕ್ಕಿಂತ ಹೆಚ್ಚು ಕಾಲ ಹಿಗ್ಗಿರುವುದರಿಂದ ಸರಾಸರಿಯು ಸುಮಾರು 93 ಮಿಲಿಮೀಟರು ಪಾದರಸ. ಇದು ಸುಮಾರು 12,400 ಪಾಸ್ಕಲ್‌ಗಳಿಗೆ ಸಮ. ದ್ರವವನ್ನು ತಳ್ಳುವ ಯಂತ್ರದ ಸಾಮರ್ಥ್ಯವು ಒತ್ತಡ ಮತ್ತು ಪ್ರವಾಹಗಳ ಗುಣಲಬ್ಧ. ನಿಮಿಷಕ್ಕೆ 5 ಲೀಟರೆಂದರೆ ಸೆಕೆಂಡಿಗೆ 0.0000833 ಘನ ಮೀಟರು. ಗುಣಿಸಿ ನೋಡಿದರೆ ಬರುವ ಉತ್ತರ ಸುಮಾರು 1 ವ್ಯಾಟು.

ಒಂದೇ ವ್ಯಾಟೆ ಎಂದು ಹಗುರವಾಗಿ ಎಣಿಸಬಾರದು. ದಿನವೊಂದಕ್ಕೆ ಇದು 86,400 ಜೂಲುಗಳ ಕೆಲಸ. ಇಷ್ಟು ಕೆಲಸದಿಂದ 50 ಕಿಲೋಗ್ರಾಮು ತೂಕದ ವಿದ್ಯಾರ್ಥಿಯೊಬ್ಬನನ್ನು ಸುಮಾರು 176 ಮೀಟರು ಮೇಲಕ್ಕೆತ್ತಬಹುದು. ಅಂದರೆ ಮೈಸೂರಿನ ನೆಲದಿಂದ ಚಾಮುಂಡಿಬೆಟ್ಟದ ಅರ್ಧಕ್ಕೂ ಮೇಲೆ ಹೊತ್ತೊಯ್ದಂತೆ! ಹಿಡಿಯಷ್ಟು ಗಾತ್ರದ ಸ್ನಾಯು ಇದನ್ನು ಜೀವಮಾನವೆಲ್ಲ ಬಿಡುವಿಲ್ಲದೆ ನಡೆಸುತ್ತದೆ.

ಈಗ ಷಾಕ್‌ನಲ್ಲಿರುವ ರೋಗಿಯೊಬ್ಬನನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಒತ್ತಡ 80/50, ಸರಾಸರಿ 60. ಪ್ರವಾಹ ನಿಮಿಷಕ್ಕೆ 2.7 ಲೀಟರು. ಮೇಲಣಂತೆಯೇ ಲೆಕ್ಕ ಹಾಕಿದರೆ ಸಾಮರ್ಥ್ಯವು 0.36 ವ್ಯಾಟಿಗೆ ಇಳಿದಿದೆ. ಈ ಸಂಖ್ಯೆಯು ಸುಮಾರು 0.6 ವ್ಯಾಟಿಗಿಂತ ಕಡಿಮೆಯಾದರೆ ವೈದ್ಯರು ಪ್ರಾಣಾಪಾಯದ ಸೂಚನೆಯೆಂದು ಭಾವಿಸುತ್ತಾರೆ. ಹೃದಯದ ಮುಖ್ಯ ಕೋಣೆಯಾದ ಎಡ ಹೃತ್ಕುಕ್ಷಿಯ ಸ್ನಾಯುವಿನಲ್ಲಿ 100ಕ್ಕೆ 40 ಪಾಲು ಅಥವಾ ಅದಕ್ಕೂ ಹೆಚ್ಚು ಕೆಟ್ಟಾಗ ಸಾಮಾನ್ಯವಾಗಿ ಈ ಸ್ಥಿತಿ ಒದಗುತ್ತದೆ.

ಒತ್ತಡವೊಂದನ್ನೇ ನಂಬಬಾರದು

ವಿದ್ಯುನ್ಮಂಡಲದಲ್ಲಿ ಓಮನ ನಿಯಮವಿರುವಂತೆ ರಕ್ತಮಂಡಲದಲ್ಲಿಯೂ ಒಂದು ಸ್ಥೂಲ ನಿಯಮವುಂಟು: ಒತ್ತಡವು ಪ್ರವಾಹ ಮತ್ತು ರೋಧಗಳ ಗುಣಲಬ್ಧ. ಒತ್ತಡ 93, ಪ್ರವಾಹ 5 ಆದಾಗ ರೋಧವು 18.6 ಮಾನಗಳು. ಹೃದಯವು ಸೋತು ಪ್ರವಾಹವು 3 ಲೀಟರಿಗೆ ಇಳಿದರೆ ಒತ್ತಡವು 56ಕ್ಕೆ ಕುಸಿಯಬೇಕು. ಆದರೆ ದೇಹವು ಸುಮ್ಮನಿರುವುದಿಲ್ಲ. ಅಡ್ರಿನಲಿನ್ ಮೊದಲಾದ ರಸಗಳು ರಕ್ತಕ್ಕೆ ಸೇರಿ ಚರ್ಮದ, ಕರುಳಿನ, ಮೂತ್ರಪಿಂಡದ ಸಣ್ಣ ಧಮನಿಗಳನ್ನು ಬಿಗಿಗೊಳಿಸುತ್ತವೆ. ರೋಧವು 26ಕ್ಕೆ ಏರಿತೆನ್ನೋಣ. ಆಗ ಒತ್ತಡವು 78. ಮಾಪಕದಲ್ಲಿ ಇದು ಅಷ್ಟೇನೂ ಭಯಂಕರವಾಗಿ ಕಾಣುವುದಿಲ್ಲ. ಪ್ರವಾಹ ಮಾತ್ರ ಮೊದಲಿನ ಐದರಲ್ಲಿ ಮೂರು ಪಾಲು ಅಷ್ಟೆ. ಆದುದರಿಂದ ಅನುಭವಿಗಳಾದ ವೈದ್ಯರು ಒತ್ತಡದ ಜೊತೆಗೆ ರೋಗಿಯ ಕೈಕಾಲುಗಳನ್ನೂ ಮುಟ್ಟಿ ನೋಡುತ್ತಾರೆ. ತಣ್ಣಗಾದ, ಬೆವರಿನಿಂದ ಅಂಟಂಟಾದ ಚರ್ಮ, ಸಣ್ಣಗೆ ಓಡುವ ನಾಡಿ, ಕಡಿಮೆಯಾದ ಮೂತ್ರ, ತಳಮಳ, ಮಂಪರು, ಅಸಂಬದ್ಧ ಮಾತು, ಏದುಸಿರು — ಇವೆಲ್ಲ ಪ್ರವಾಹ ಕುಗ್ಗಿದುದರ ಗುರುತುಗಳು. ಆಮ್ಲಜನಕವಿಲ್ಲದೆ ದುಡಿಯುವ ಜೀವಕೋಶಗಳು ಲ್ಯಾಕ್ಟಿಕ್ ಆಮ್ಲವನ್ನು ಹೊರಬಿಡುವುದರಿಂದ, ರಕ್ತದಲ್ಲಿ ಅದರ ಪ್ರಮಾಣವನ್ನೂ ಅಳೆಯುತ್ತಾರೆ. ಮೇಲಿನ ಒತ್ತಡವು 90ಕ್ಕಿಂತ ಕೆಳಗೆ ಅರ್ಧ ಗಂಟೆ ನಿಂತು ಈ ಚಿಹ್ನೆಗಳೂ ಇದ್ದರೆ ಷಾಕ್ ಎಂಬುದರಲ್ಲಿ ಸಂದೇಹ ಉಳಿಯದು.

ಸೋಲಿನ ಸುಳಿ

ಹೃದಯಜನ್ಯ ಷಾಕ್ ಇಷ್ಟು ಘೋರವಾಗುವುದೇತಕ್ಕೆ? ಹೊಲದ ಡೀಸೆಲ್ ಪಂಪುಸೆಟ್ಟನ್ನು ಜ್ಞಾಪಿಸಿಕೊಳ್ಳಿ. ಇಂತಹ ಅನೇಕ ಎಂಜಿನುಗಳನ್ನು ತಂಪು ಮಾಡುವುದು ಅದೇ ಪಂಪು ಎತ್ತಿದ ನೀರಿನ ಒಂದು ಪಾಲು. ಪಂಪು ಎತ್ತುವ ನೀರು ಕಡಿಮೆಯಾದರೆ ಎಂಜಿನು ಬಿಸಿಯೇರಿ ಅದರ ಬಲ ಕುಂದುತ್ತದೆ. ಬಲ ಕುಂದಿದರೆ ನೀರು ಇನ್ನೂ ಕಡಿಮೆ. ಹೃದಯದ ವಿಷಯವೂ ಹೀಗೆಯೇ. ತನ್ನ ಸ್ನಾಯುವಿಗೆ ಬೇಕಾದ ರಕ್ತವನ್ನು ಹೃದಯವು ತಾನೇ ತಳ್ಳಿಕೊಳ್ಳಬೇಕು. ಒತ್ತಡ ಕುಸಿದರೆ ಕರೊನರಿ ಧಮನಿಗಳ ಪ್ರವಾಹ ತಗ್ಗುತ್ತದೆ; ಇದುವರೆಗೆ ಕ್ಷೇಮವಾಗಿದ್ದ ಸ್ನಾಯುವೂ ದುರ್ಬಲವಾಗುತ್ತದೆ; ಒತ್ತಡ ಮತ್ತಷ್ಟು ಕುಸಿಯುತ್ತದೆ.

ಮೇಲೆ ಹೇಳಿದ ನಾಳಗಳ ಬಿಗಿತವೂ ಇಲ್ಲಿ ತೊಡಕಾಗುತ್ತದೆ. ರಕ್ತ ಸೋರಿದವನಿಗೆ ಅದು ಉಪಕಾರಿ. ಸೋತ ಹೃದಯಕ್ಕಾದರೋ, ದಣಿದ ಎತ್ತಿನ ಗಾಡಿಗೆ ಇನ್ನೆರಡು ಮೂಟೆ ಹೇರಿದಂತೆ. ಸುಳಿಗೆ ಸಿಕ್ಕಿದ ದೋಣಿಯ ಹಾಗೆ ರೋಗಿಯು ಕೆಳಕೆಳಗೆ ಸರಿಯುತ್ತಾನೆ. ಈ ಸುಳಿಯನ್ನು ಎಲ್ಲಿಯಾದರೂ ಒಂದೆಡೆ ಕತ್ತರಿಸುವುದೇ ಚಿಕಿತ್ಸೆಯ ಗುಟ್ಟು.

ಚಿಕಿತ್ಸೆಯ ಮೂರು ದಾರಿಗಳು

ಮೊದಲನೆಯ ದಾರಿ, ಮುಚ್ಚಿದ ಧಮನಿಯನ್ನು ತೆರೆಯುವುದು. ನಳಿಕೆಯಲ್ಲಿ ಹರಿಯುವ ದ್ರವದ ಪ್ರವಾಹವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆಂದು ಪಾಯಿಸಲ್ ಎಂಬಾತನ ನಿಯಮ ಹೇಳುತ್ತದೆ. ತ್ರಿಜ್ಯವು ಅರ್ಧಕ್ಕಿಳಿದರೆ ಅದೇ ಒತ್ತಡದಲ್ಲಿ ಪ್ರವಾಹವು 16ರಲ್ಲಿ ಒಂದು ಪಾಲಾಗುತ್ತದೆ. ತಿರುಗಿಸಿ ನೋಡಿದರೆ, ಧಮನಿಯನ್ನು ಸ್ವಲ್ಪ ಅಗಲಗೊಳಿಸಿದರೂ ಲಾಭ ಬಹಳ. ಮಣಿಕಟ್ಟಿನ ಅಥವಾ ತೊಡೆಸಂದಿಯ ಧಮನಿಯಿಂದ ಸಣ್ಣ ನಳಿಕೆಯೊಂದನ್ನು ಹೃದಯದವರೆಗೆ ಸಾಗಿಸಿ, ಅದರ ತುದಿಯ ಬಲೂನನ್ನು ಉಬ್ಬಿಸಿ, ಸ್ಟೆಂಟ್ ಎಂಬ ಲೋಹದ ಜಾಲರಿಯನ್ನು ಅಲ್ಲಿ ನಿಲ್ಲಿಸುವ ಆಂಜಿಯೋಪ್ಲಾಸ್ಟಿಯ ಪ್ರಯೋಜನ ಇದೇ. ಕರೊನರಿ ಧಮನಿಯಲ್ಲಿ ಬಲೂನನ್ನು 1977ರಲ್ಲಿ ಜ್ಯೂರಿಕ್ ನಗರದಲ್ಲಿ ಮೊದಲು ಪ್ರಯೋಗಿಸಿದವನು ಆಂಡ್ರಿಯಾಸ್ ಗ್ರುಂಟ್ಸಿಗ್.

1967ರಲ್ಲಿ ಕಿಲ್ಲಿಪ್ ಮತ್ತು ಕಿಂಬಲ್ ಎಂಬ ಅಮೆರಿಕದ ವೈದ್ಯರು ಹೃದಯಾಘಾತದ 250 ರೋಗಿಗಳ ವಿವರವನ್ನು ಪ್ರಕಟಿಸಿದರು. ಅವರಲ್ಲಿ ಷಾಕ್‌ಗೆ ಒಳಗಾದವರ ಪೈಕಿ 100ಕ್ಕೆ 81 ಮಂದಿ ಬದುಕಲಿಲ್ಲ. 1999ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 302 ಷಾಕ್ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ತಡವಿಲ್ಲದೆ ಧಮನಿ ತೆರೆಯುವ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಮೊದಲು ಔಷಧಗಳ ಚಿಕಿತ್ಸೆಯನ್ನೂ ಕೊಟ್ಟರು. ಆರು ತಿಂಗಳ ತರುವಾಯ ಔಷಧದ ಗುಂಪಿನಲ್ಲಿ 100ಕ್ಕೆ 63 ಮಂದಿಯೂ ಧಮನಿ ತೆರೆದ ಗುಂಪಿನಲ್ಲಿ 50 ಮಂದಿಯೂ ತೀರಿಕೊಂಡಿದ್ದರು. ನೂರರಲ್ಲಿ ಹದಿಮೂರು ಪ್ರಾಣಗಳ ಉಳಿತಾಯ ಸಣ್ಣದಲ್ಲ. ಅಂದಿನಿಂದ ಬೇಗನೆ ಧಮನಿ ತೆರೆಯುವುದೇ ಈ ಚಿಕಿತ್ಸೆಯ ಅಡಿಗಲ್ಲಾಗಿದೆ.

ಎರಡನೆಯ ದಾರಿ ಔಷಧಗಳದು. ಒತ್ತಡ ತೀರ ಕುಸಿದಾಗ ನಾರ್‌ಅಡ್ರಿನಲಿನ್ ಔಷಧವನ್ನು ಹನಿಹನಿಯಾಗಿ ಕೊಟ್ಟು ಮಿದುಳಿಗೂ ಹೃದಯಕ್ಕೂ ಬೇಕಾದಷ್ಟು ಒತ್ತಡವನ್ನು ಕಾಯುತ್ತಾರೆ. ಹೃದಯದ ಕುಗ್ಗುವಿಕೆಯನ್ನು ಬಲಪಡಿಸಲು ಡೊಬುಟಮಿನ್ ಮೊದಲಾದವು ಉಂಟು. ಇವು ದಣಿದ ಎತ್ತಿಗೆ ಬೀಸಿದ ಬಾರುಕೋಲಿನಂತೆ. ಗಾಡಿ ಸ್ವಲ್ಪ ದೂರ ಸಾಗುತ್ತದೆ, ಆದರೆ ಎತ್ತಿನ ದಣಿವು ಹೆಚ್ಚುತ್ತದೆ. ಆದ್ದರಿಂದ ಸಾಕೆನ್ನುವಷ್ಟು ಕಡಿಮೆ ಪ್ರಮಾಣದಲ್ಲಿ, ಸಾಧ್ಯವಾದಷ್ಟು ಕಡಿಮೆ ಕಾಲ ಬಳಸುವುದು ವಾಡಿಕೆ. ಶ್ವಾಸಕೋಶದಲ್ಲಿ ನೀರು ನಿಂತಿದ್ದರೆ ಆಮ್ಲಜನಕ, ಕೃತಕ ಉಸಿರಾಟದ ಯಂತ್ರ, ಮೂತ್ರ ಹೆಚ್ಚಿಸುವ ಔಷಧ ಇವೂ ಬೇಕಾಗುತ್ತವೆ.

ಮೂರನೆಯದು, ಸೋತ ಪಂಪಿಗೆ ಇನ್ನೊಂದು ಪಂಪಿನ ನೆರವು. ಮಹಾಪಧಮನಿಯೊಳಗೆ ಉದ್ದನೆಯ ಬಲೂನೊಂದನ್ನಿಟ್ಟು, ಹೃದಯ ಹಿಗ್ಗಿದಾಗ ಉಬ್ಬಿಸಿ, ಕುಗ್ಗುವ ಮುನ್ನ ಇಳಿಸುವ ಉಪಾಯವು 1960ರ ದಶಕದಲ್ಲಿ ಬಳಕೆಗೆ ಬಂತು. ಕರೊನರಿ ಪ್ರವಾಹ ಹೆಚ್ಚಬೇಕು, ಹೃದಯದ ಹೊರೆ ತಗ್ಗಬೇಕು ಎಂಬುದು ಅದರ ತರ್ಕ. ಸಣ್ಣ ಕೊಳವೆಯಲ್ಲಿ ಥಟ್ಟನೆ ಹೋಗಿ ಬರಲು ಹಗುರವಾದ ಹೀಲಿಯಂ ಅನಿಲವನ್ನೇ ಅದಕ್ಕೆ ತುಂಬುತ್ತಾರೆ. ತರ್ಕ ಎಷ್ಟು ಚೆನ್ನಾಗಿದೆ! ಆದರೆ 2012ರಲ್ಲಿ 600 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲ ಪ್ರಕಟವಾದಾಗ, ಮೂವತ್ತು ದಿನಗಳಲ್ಲಿ ಬಲೂನಿನ ಗುಂಪಿನಲ್ಲಿ 100ಕ್ಕೆ ಸುಮಾರು 40, ಬಲೂನಿಲ್ಲದ ಗುಂಪಿನಲ್ಲಿ ಸುಮಾರು 41 ಮಂದಿ ತೀರಿಕೊಂಡಿದ್ದರು. ವ್ಯತ್ಯಾಸವೇ ಇಲ್ಲವೆನ್ನಬೇಕು. ತರ್ಕವು ಪ್ರಯೋಗದ ಒರೆಗಲ್ಲಿನ ಮುಂದೆ ತಲೆಬಾಗಲೇಬೇಕೆಂಬ ಪಾಠವನ್ನು ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಗಮನಿಸತಕ್ಕದ್ದು.

ಇಂಪೆಲ್ಲಾ ಎಂಬುದು ಎಡ ಹೃತ್ಕುಕ್ಷಿಯೊಳಗಿನಿಂದ ರಕ್ತವನ್ನು ಹೀರಿ ಮಹಾಪಧಮನಿಗೆ ಸುರಿಯುವ, ತಿರುಪಿನಂತೆ ತಿರುಗುವ ಪುಟ್ಟ ಪಂಪು. 2024ರಲ್ಲಿ ಡೆನ್ಮಾರ್ಕ್ ಮತ್ತು ಜರ್ಮನಿಯ ವೈದ್ಯರು, ಆಯ್ದ ರೋಗಿಗಳಲ್ಲಿ 180 ದಿನಗಳೊಳಗಿನ ಮರಣವನ್ನು ಅದು 100ಕ್ಕೆ ಸುಮಾರು 59ರಿಂದ 46ಕ್ಕೆ ಇಳಿಸಿತೆಂದು ತೋರಿಸಿದರು. ಜೊತೆಗೆ ರಕ್ತಸ್ರಾವ, ಕಾಲಿನ ರಕ್ತಸಂಚಾರದ ತೊಂದರೆ, ಮೂತ್ರಪಿಂಡದ ತೊಂದರೆ ಇವು ಹೆಚ್ಚಾದುದೂ ಕಂಡುಬಂತು. ದೇಹದ ಹೊರಗೆ ರಕ್ತವನ್ನು ತಂದು ಆಮ್ಲಜನಕ ಬೆರಸಿ ಹಿಂದಿರುಗಿಸುವ ಎಕ್ಮೊ ಯಂತ್ರವನ್ನು ಹೃದಯಾಘಾತದ ಷಾಕ್‌ನಲ್ಲಿ ಎಲ್ಲರಿಗೂ ಮೊದಲೇ ಹಚ್ಚುವುದರಿಂದ ಮರಣ ತಗ್ಗಲಿಲ್ಲವೆಂದು 2023ರ ಪ್ರಯೋಗವೊಂದು ತಿಳಿಸಿತು.

ಚೇಳಿನ ಪಾಠ

ಹೃದಯ ಸೋಲುವುದಕ್ಕೆ ಧಮನಿಯ ಹೆಪ್ಪೊಂದೇ ಕಾರಣವಲ್ಲ. ಹೃದಯಸ್ನಾಯುವಿನ ಉರಿಯೂತ, ಕವಾಟ ಹರಿಯುವುದು, ಬಡಿತದ ತೀವ್ರ ಏರುಪೇರು ಇವುಗಳಿಂದಲೂ ಆಗಬಹುದು. ಹಳ್ಳಿಗಾಡಿನಲ್ಲಿ ನೆನಪಿಡಬೇಕಾದ ಇನ್ನೊಂದು ಕಾರಣ ಕೆಂಪು ಚೇಳಿನ ಕುಟುಕು. ಅದರ ವಿಷವು ದೇಹದ ಅಡ್ರಿನಲಿನ್ ಜಾತಿಯ ರಸಗಳನ್ನೆಲ್ಲ ಒಮ್ಮೆಗೇ ಹೊರಡಿಸಿ ನಾಳಗಳನ್ನು ಬಿಗಿಯುತ್ತದೆ. ಏರಿದ ರೋಧಕ್ಕೆದುರಾಗಿ ದುಡಿದು ಹೃದಯವು ಸೋಲುತ್ತದೆ. ಮಹಾರಾಷ್ಟ್ರದ ಮಹಾಡ್ ಊರಿನ ವೈದ್ಯರಾದ ಹಿಮ್ಮತರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ನಾಳಗಳನ್ನು ಸಡಿಲಿಸುವ ಪ್ರಜೋಸಿನ್ ಎಂಬ ಅಗ್ಗದ ಮಾತ್ರೆಯಿಂದ ಇಂತಹ ಅನೇಕ ರೋಗಿಗಳನ್ನು ಉಳಿಸಿದರು. ರೋಧವನ್ನು ತಗ್ಗಿಸಿದರೆ ಅದೇ ಹೃದಯವು ಹೆಚ್ಚು ರಕ್ತವನ್ನು ತಳ್ಳಬಲ್ಲುದೆಂಬ ತತ್ತ್ವ ಹಳ್ಳಿಯ ಆಸ್ಪತ್ರೆಯಲ್ಲಿಯೇ ಸಿದ್ಧವಾಯಿತು.

ನಮ್ಮ ನಾಲ್ಕು ತಾಲ್ಲೂಕುಗಳ ಲೆಕ್ಕ

ಆಂಜಿಯೋಪ್ಲಾಸ್ಟಿ ನಡೆಯುವುದು ಮೈಸೂರಿನಂತಹ ನಗರದಲ್ಲಿ. ಕೃಷ್ಣರಾಜನಗರದಿಂದ ಮೈಸೂರಿಗೆ ಸುಮಾರು 40 ಕಿಲೋಮೀಟರು, ಹುಣಸೂರಿನಿಂದ ಸುಮಾರು 45, ಹೆಗ್ಗಡದೇವನಕೋಟೆಯಿಂದ ಸುಮಾರು 50, ಪಿರಿಯಾಪಟ್ಟಣದಿಂದ 65ಕ್ಕೂ ಮೇಲೆ. ಕಾಡಂಚಿನ ಹಾಡಿಗಳಿಂದ ಇನ್ನೂ ದೂರ. ವಾಹನವು ಗಂಟೆಗೆ ಸರಾಸರಿ 40 ಕಿಲೋಮೀಟರು ಓಡಿದರೆ ಪಿರಿಯಾಪಟ್ಟಣದವನಿಗೆ ಪ್ರಯಾಣವೊಂದಕ್ಕೇ ನೂರು ನಿಮಿಷ ಬೇಕು. ಹೃದಯಸ್ನಾಯುವಾದರೋ ಧಮನಿ ಮುಚ್ಚಿದ ಅರ್ಧ ಗಂಟೆಯಲ್ಲಿ ಸಾಯತೊಡಗಿ, ಕೆಲವೇ ಗಂಟೆಗಳಲ್ಲಿ ಒಳಪದರದಿಂದ ಹೊರಪದರದವರೆಗೆ ಸಾವು ಹರಡುತ್ತದೆ.

ಆದುದರಿಂದ ವೈದ್ಯರು ಒಂದು ನಿಯಮವನ್ನು ಇಟ್ಟುಕೊಂಡಿದ್ದಾರೆ. ಇಸಿಜಿಯಲ್ಲಿ ದೊಡ್ಡ ಹೃದಯಾಘಾತವೆಂದು ತಿಳಿದ 120 ನಿಮಿಷಗಳೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿದ್ದರೆ ನೇರವಾಗಿ ಅಲ್ಲಿಗೆ. ಇಲ್ಲವಾದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಹತ್ತಿರದಲ್ಲಿಯೇ ಕೊಟ್ಟು, ಅನಂತರ ಸಾಗಿಸುವುದು. 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿಯೇ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರವು 2024ರಲ್ಲಿ ಜಾರಿಗೆ ತಂದ ಹೃದಯಜ್ಯೋತಿ ಯೋಜನೆಯ ತಿರುಳು ಇದೇ. ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂತಹ ಕೇಂದ್ರದ ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ಬೆಲೆ ಬಾಳುವ ಟೆನೆಕ್ಟಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಅಲ್ಲಿಯೇ ಕೊಡಲಾಗುತ್ತದೆ.

ಷಾಕ್ ಬಂದಮೇಲೆ ಈ ಚುಚ್ಚುಮದ್ದಿನ ಫಲ ಕುಗ್ಗುತ್ತದೆಂಬುದನ್ನು ಮರೆಯಬಾರದು. ಔಷಧವು ಹೆಪ್ಪಿನ ಬಳಿಗೆ ಹೋಗಬೇಕಾದುದು ರಕ್ತಪ್ರವಾಹದ ಮೂಲಕವೇ ಅಲ್ಲವೆ? ಪ್ರವಾಹವೇ ಇಲ್ಲದ ಕಾಲುವೆಯಲ್ಲಿ ಗೊಬ್ಬರ ಕದಡಿದರೆ ಗದ್ದೆಗೆ ತಲಪೀತೆ? ಹೀಗಾಗಿ ಷಾಕ್ ರೋಗಿಯನ್ನು ದೂರವೆಷ್ಟಾದರೂ ಆಂಜಿಯೋಪ್ಲಾಸ್ಟಿ ಮಾಡುವಲ್ಲಿಗೆ ಸಾಗಿಸಲು ಯತ್ನಿಸುತ್ತಾರೆ. ತಾಲ್ಲೂಕು ಆಸ್ಪತ್ರೆಯ ಚುಚ್ಚುಮದ್ದಿನ ದೊಡ್ಡ ಉಪಕಾರವೆಂದರೆ, ಸ್ನಾಯು ಸಾಯುವ ಮೊದಲೇ ಧಮನಿಯನ್ನು ತೆರೆದು, ಷಾಕ್ ಬರದಂತೆಯೇ ತಡೆಯುವುದು.

ಮೈಸೂರಿನ ದಾರಿಯನ್ನು ನಾವು ಕಿರಿದು ಮಾಡಲಾರೆವು. ಮನೆಯಲ್ಲಿ ಕಳೆಯುವ ಹೊತ್ತನ್ನು ಕಿರಿದು ಮಾಡಬಲ್ಲೆವು. ಎದೆಯ ನಡುವೆ ಹಿಂಡುವಂತಹ ನೋವು, ಎಡಗೈಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು, ಉಸಿರಿನ ತೊಂದರೆ ಇವು ಬಂದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಬೆಳಗಾಗುವುದನ್ನು ಕಾಯಬಾರದು. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರಿಯ ಸುಸ್ತು, ಬೆವರು ಕಾಣಿಸಿಕೊಳ್ಳಬಹುದು. ರೋಗಿಯನ್ನು ನಡೆಸದೆ 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. ಬಿಳಿಚಿಕೊಂಡು ತಣ್ಣಗಾದವನಿಗೆ ನೆರೆಯವರ ಬಳಿ ಇರುವ, ನಾಲಗೆಯ ಕೆಳಗಿಡುವ ಮಾತ್ರೆಯನ್ನು ಕೊಡಬಾರದು; ಅದು ಒತ್ತಡವನ್ನು ಮತ್ತಷ್ಟು ಇಳಿಸೀತು.

ಹುಣಸೂರು, ಪಿರಿಯಾಪಟ್ಟಣಗಳು ಹೊಗೆಸೊಪ್ಪಿನ ಬೆಳೆಗೆ ಹೆಸರಾದ ಸೀಮೆ. ಆ ಬೆಳೆ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ. ಅದರ ಹೊಗೆಯನ್ನು ಸೇದುವವನ ಧಮನಿಯ ಒಳಗೋಡೆ ಕೆಡುವುದೂ, ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುವುದೂ ಅಷ್ಟೇ ನಿಜ. ಬೀಡಿ ಸಿಗರೇಟುಗಳನ್ನು ಬಿಡುವುದು, ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಹತೋಟಿಯಲ್ಲಿಡುವುದು, ಇವು ಒಂದು ವ್ಯಾಟಿನ ಯಂತ್ರವನ್ನು ಕೆಡದಂತೆ ಕಾಪಾಡುವ ಉಪಾಯಗಳು. ಒಮ್ಮೆ ಷಾಕ್ ಬಂದಮೇಲೆ, ಉತ್ತಮ ಆಸ್ಪತ್ರೆಗಳಲ್ಲಿಯೂ ಇಂದಿಗೂ ನೂರರಲ್ಲಿ ಸುಮಾರು ನಲವತ್ತರಿಂದ ಐವತ್ತು ಮಂದಿ ಉಳಿಯುವುದಿಲ್ಲ. ಇದಕ್ಕೆ ಮುಂಚಿನ ಎರಡು ಮೂರು ಗಂಟೆಗಳು ಬಹುಮಟ್ಟಿಗೆ ರೋಗಿಯ ಮನೆಯವರ ಕೈಯಲ್ಲಿರುತ್ತವೆ. ಈ ಮಾತನ್ನು ನಮ್ಮ ವಿದ್ಯಾರ್ಥಿಗಳು ತಂತಮ್ಮ ಮನೆಯ ಹಿರಿಯರಿಗೆ ತಿಳಿಯಹೇಳುವರೆಂದು ನಾವು ನಂಬುತ್ತೇವೆ.